ಮೂರು ಬೆರಳಿನ ಉಪ್ಪು

ಎಲ್ಲ ಕೆಟ್ಟದ್ದು ಮೂರು ಬೆರಳ ನಡುವೆ ಹಿಡಿಯುವಷ್ಟು ಉಪ್ಪಿನಿಂದ.

ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ಇಟ್ಟಿರುವ ಗಾದಿಲಿಂಗನ ಬಲಗೈಗೆ ಒಂದು ಚಾಳಿಯಿತ್ತು. ಒಲೆಯಿಂದ ಯಾವ ಪಾತ್ರೆ ಇಳಿದರೂ ಅವನು ಸೌಟಿನಿಂದ ಒಂದು ಹನಿ ಎಡ ಅಂಗೈ ಮೇಲೆ ಬಿಟ್ಟುಕೊಂಡು ನೆಕ್ಕಿ ಕಣ್ಣು ಮುಚ್ಚುತ್ತಿದ್ದ. ಅಷ್ಟರೊಳಗೆ ಬಲಗೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಗಿ, ಮೂರು ಬೆರಳಲ್ಲಿ ಎಷ್ಟು ಬೇಕೋ ಅಷ್ಟು ಎತ್ತಿ ತಂದು ಉದುರಿಸಿರುತ್ತಿತ್ತು. ತಲೆಯನ್ನು ಅದು ಕೇಳುತ್ತಿರಲಿಲ್ಲ. ಲಾರಿ ಡ್ರೈವರುಗಳು, ಹಂಪಿ ನೋಡಲು ಬಂದವರು, ಬಾಳೆಕಾಯಿ ವ್ಯಾಪಾರಿಗಳು ಎಲ್ಲರೂ ಆ ಕೈಯನ್ನು ಹೊಗಳಿ ಹೋಗುತ್ತಿದ್ದರು. ಕಷ್ಟವೆಂದರೆ, ಅಂಗಡಿ ಮುಚ್ಚಿದ ಮೇಲೆ ಅದೇ ಕೈಯನ್ನು ಅವನು ಮನೆಗೂ ತೆಗೆದುಕೊಂಡು ಹೋಗಬೇಕಾಗಿತ್ತು. ಹೆಂಡತಿ ಚಂದ್ರಕಲಾ ಮಾಡಿದ ಸಾರಿಗೆ, ಪಲ್ಯಕ್ಕೆ, ಕೊನೆಗೆ ಮಜ್ಜಿಗೆಗೂ ಹನ್ನೆರಡು ವರ್ಷದಿಂದ ಆ ಮೂರು ಬೆರಳು ಬೀಳುತ್ತಲೇ ಇದ್ದವು.

ಭಾನುವಾರ ಅವಳ ಅಣ್ಣ ಯಲ್ಲೇಶ್ ಕಂಪ್ಲಿಯಿಂದ ಊಟಕ್ಕೆ ಬಂದಿದ್ದ. ಅವನಿಗೆ ಬಿಪಿ. ಅವನ ಹೆಂಡತಿ ಹೇಮಾವತಿ, ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದದ್ದೇ ತಡ, ಉಪ್ಪಿನ ಡಬ್ಬಿಯನ್ನೇ ಮನೆಯಿಂದ ಹೊರಗೆ ಹಾಕಿದ ಗಟ್ಟಿಗಿತ್ತಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಚಂದ್ರಕಲಾ ಅಣ್ಣನಿಗಾಗಿ ಬೇರೆ ಬೋಗುಣಿಯಲ್ಲಿ, ಉಪ್ಪು ಹತ್ತಿಯೂ ಹತ್ತದಂತೆ, ಬದನೆಕಾಯಿ ಎಣಗಾಯಿ ಮಾಡಿದ್ದಳು. ಬಡಿಸಲು ಕೂತವನು ಗಾದಿಲಿಂಗ. ಅಂಗೈ ಮೇಲೆ ಹನಿ ಬಿತ್ತು, ಕಣ್ಣು ಮುಚ್ಚಿತು, ಕೈ ಹೋಯಿತು. ಯಲ್ಲೇಶನ ಬಾಯಿಯ ಹತ್ತಿರ ಬಂದಿದ್ದ ರೊಟ್ಟಿಯ ತುತ್ತು ಕೆಂಪು ದೀಪ ಕಂಡ ಲಾರಿಯ ಹಾಗೆ ಅಲ್ಲೇ ನಿಂತಿತು.

ಚಂದ್ರಕಲಾ ಕೂಗಾಡಲಿಲ್ಲ. ಕೂಗಾಡಿದ್ದರೆ ಗಾದಿಲಿಂಗನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಬ್ಯಾಗಿಗೆ ನಾಲ್ಕು ಸೀರೆ ಹಾಕಿಕೊಂಡು ಅಣ್ಣನ ಹಿಂದೆ ಹೊರಟಳು.

"ಅಣ್ಣನ ಮುಂದ ನನ್ನ ಮಾನ ಕಳದ್ರಿ. ನಾ ಮಾಡಿದ್ದನ್ನ ಉಪ್ಪಿನ ಡಬ್ಬಿ ಮುಟ್ಟದಂಗ ಉಂಡು, ‘ಭಾಳ ಚಲೋ ಐತಿ’ ಅಂತ ಬಾಯಿ ತುಂಬಾ ಅನ್ನೋ ದಿನ ಬಂದ್ರ ಹೇಳಿ ಕಳಸ್ರಿ. ಬರ್ತೀನಿ."

ಅದನ್ನು ಆ ಕ್ಷಣವೇ ಅಂದುಬಿಡೋಣವೆಂದು ಗಾದಿಲಿಂಗ ಬಾಯಿ ತೆರೆದ. ತುಂಗಭದ್ರೆಯಿಂದ ದಡಕ್ಕೆ ಬಿದ್ದ ಮೀನಿನ ಹಾಗೆ ಎರಡು ಸಲ ಬಾಯಿ ಅಲ್ಲಾಡಿತು, ಮಾತು ಬರಲಿಲ್ಲ. ಅವನು ಊರಿಗೆಲ್ಲ ಒಳ್ಳೆಯವನು, ಸಾಧು ಮನುಷ್ಯ. ಆದರೆ ರುಚಿಯ ವಿಷಯದಲ್ಲಿ ಅವನ ನಾಲಗೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಮೂರು ದಿನ ಅವನು ತನ್ನ ಖಾನಾವಳಿಯ ಊಟವನ್ನೇ ಉಂಡ. ಎಲ್ಲದಕ್ಕೂ ಉಪ್ಪು ಸರಿಯಾಗಿತ್ತು. ಯಾವುದೂ ಗಂಟಲಲ್ಲಿ ಇಳಿಯಲಿಲ್ಲ.

ಬುಧವಾರ ಬೆಳಿಗ್ಗೆ ಟಿವಿಯವರು ಬಂದರು.

ಅವರದು ‘ಉಕ್ಕಿತು ಸಾರು’ ಎಂಬ ನಗೆ ಧಾರಾವಾಹಿ. ಬೆಂಗಳೂರಿನ ಒಂದು ಹೋಟೆಲಿನ ಅಡುಗೆಮನೆ, ಅಲ್ಲಿ ಅಡುಗೆಯೇ ಬಾರದ ಒಬ್ಬ ಅಡುಗೆಯವಳು, ಅವಳ ಕೈಯಡುಗೆ ಉಂಡು ಒದ್ದಾಡುವ ಗಿರಾಕಿಗಳು, ಇಷ್ಟೇ ಕತೆ. ಕಮಲಾಪುರದಲ್ಲಿ ಅದನ್ನು ನೋಡದ ಮನೆ ಇರಲಿಲ್ಲ. ಚಂದ್ರಕಲಾ ಅಂತೂ ಒಂದು ದಿನವೂ ತಪ್ಪಿಸಿದವಳಲ್ಲ. ಈ ಸಲ ಹಂಪಿಯ ವಿಶೇಷ ಕಂತು. ಹೋಟೆಲಿನವರೆಲ್ಲ ಪ್ರವಾಸ ಬಂದು ಹಳ್ಳಿಯ ಖಾನಾವಳಿಯೊಂದರಲ್ಲಿ ಅಡುಗೆಗೆ ನಿಲ್ಲುತ್ತಾರೆ. ಅದಕ್ಕೆ ಗಾದಿಲಿಂಗನ ಖಾನಾವಳಿಯನ್ನು ಒಂದು ದಿನಕ್ಕೆ ಹಿಡಿದಿದ್ದರು.

ನಿರ್ದೇಶಕಿ ಸೌಜನ್ಯ ಇಪ್ಪತ್ತೆಂಟರ ಹುಡುಗಿ, ಒಂದೇ ಕಡೆ ಎರಡು ನಿಮಿಷ ನಿಲ್ಲದವಳು. ನಗುವನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಂಟಿಸುವುದು ಅವಳಿಗೆ ಬೇಸರವಾಗಿತ್ತಂತೆ. ಇಲ್ಲಿಯ ಜನವೇ ಎದುರಿಗೆ ಕೂತು ನಗಲಿ ಎಂದು ಬಾಗಿಲಿನ ಕಡೆ ನಾಲ್ಕು ಬೆಂಚು ಹಾಕಿಸಿದಳು. ಟಿವಿಯವರ ಮ್ಯಾನೇಜರ್ ಹನುಮೇಶ್ ಕೆಂಪು ಟವೆಲ್ ಎತ್ತಿದಾಗ ಎಲ್ಲರೂ ನಗಬೇಕು, ಇಳಿಸಿದಾಗ ನಿಲ್ಲಿಸಬೇಕು. ಊರವರಿಗೆ ಮೊದಲನೆಯದು ಬೇಗ ಬಂತು.

ಮೊದಲ ಬೆಂಚಿನಲ್ಲಿ ಇಬ್ಬರು. ಒಬ್ಬಳು ಪಕ್ಕದಲ್ಲಿ ಹೂ ಮಾರುವ ನಿಂಗಕ್ಕ. ಗಾದಿಲಿಂಗನ ಸಂಸಾರದ ಒಳಗುಟ್ಟು ಅವನಿಗಿಂತ ಅವಳಿಗೆ ಅರ್ಧ ದಿನ ಮೊದಲೇ ಗೊತ್ತಿರುತ್ತಿತ್ತು. ಇನ್ನೊಬ್ಬ ವಿರೂಪಾಕ್ಷಪ್ಪ, ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿ ನಿವೃತ್ತನಾದವನು. ಮನೆಯಲ್ಲಿ ಕೂತರೆ ನೆಲ ಅಲುಗಾಡುವುದಿಲ್ಲ, ನಿದ್ದೆ ಬರುವುದಿಲ್ಲ ಎಂದು ದಿನವಿಡೀ ಬಸ್ ಸ್ಟ್ಯಾಂಡಿನಲ್ಲೇ ಇರುತ್ತಿದ್ದ.

"ಗಾದಿಲಿಂಗಣ್ಣ, ಈ ಕಡೆಯ ಸ್ಪೆಷಲ್ ಅಡುಗೆ ಯಾವುದು? ಸೀನಿಗೆ ಅದನ್ನೇ ಇಟ್ಕೊಳ್ಳೋಣ" ಎಂದು ಸೌಜನ್ಯ ಕೇಳಿದಳು.

ಮೂರು ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದು ಬಾಯಿಗೆ ಬಂತು. "ಎಣಗಾಯಿ, ಮೇಡಂ."

"ಸೂಪರ್. ಒಂದು ಬೋಗುಣಿ ಮಾಡಿಕೊಡಿ. ಆದ್ರೆ ಕೆಟ್ಟದಾಗಿ ಮಾಡಬೇಕು, ಬಾಯಿಗೆ ಇಡೋಕಾಗಬಾರದು. ನಟರ ಮುಖದಲ್ಲಿ ನಿಜವಾದ ಸಂಕಟ ಬೇಕು ನನಗೆ."

ಗಾದಿಲಿಂಗ ಹೂಂಗುಟ್ಟಿದ. ನಿಜವಾಗಿ ಪ್ರಯತ್ನವನ್ನೂ ಮಾಡಿದ. ಶೇಂಗಾ ಹುರಿಯುವಾಗ ಸೀದುಹೋಗಲಿ ಎಂದು ಕಿಟಕಿಯ ಕಡೆ ಮುಖ ಮಾಡಿ ನಿಂತ. ಮೂಗು ಸುಮ್ಮನಿರದೆ ಕೈಯನ್ನು ಎಳೆದು ಬಾಣಲೆ ಇಳಿಸಿತು. ಉಪ್ಪು ಹಾಕಲೇಬಾರದೆಂದು ಡಬ್ಬಿಯನ್ನು ಅಟ್ಟದ ಮೇಲಿಟ್ಟ. ಹನಿ ನೆಕ್ಕಿ ಕಣ್ಣು ತೆರೆಯುವಷ್ಟರಲ್ಲಿ ತಾನು ಸ್ಟೂಲಿನ ಮೇಲೆ ನಿಂತಿರುವುದು ಕಂಡಿತು. ಸೀನಿನಲ್ಲಿ ಉಣ್ಣಬೇಕಾಗಿದ್ದ ಬೆಂಗಳೂರಿನ ನಟ, ಅಭ್ಯಾಸಕ್ಕೆಂದು ಒಂದು ತುತ್ತು ತಿಂದು, "ಛೇ, ಸಂಕಟ ಬರ್ತಿಲ್ಲ ಸೌಜನ್ಯ, ಇನ್ನೊಂದ್ಸಲ ನೋಡ್ತೀನಿ" ಎಂದ. ಹಾಗೆ ನೋಡುತ್ತ ನೋಡುತ್ತ ಹದಿನಾಲ್ಕು ಬದನೆಕಾಯಿ, ಆರು ಜೋಳದ ರೊಟ್ಟಿ ಮುಗಿಸಿ, ಹಿಂದಿನ ಉಗ್ರಾಣದಲ್ಲಿ ಅಕ್ಕಿ ಚೀಲಕ್ಕೆ ಒರಗಿದವನು ಮತ್ತೆ ಏಳಲಿಲ್ಲ. ಸಂಕಟ ಬಂದೇ ಬಂತು, ಆದರೆ ಮುಖದಲ್ಲಲ್ಲ, ಹೊಟ್ಟೆಯಲ್ಲಿ.

ಕೊನೆಗೆ ಹನುಮೇಶನೇ ಒಂದು ಎಣಗಾಯಿ ಮಾಡಿದ. ಬದನೆಕಾಯಿ ಅರ್ಧ ಬೆಂದಿತ್ತು, ಉಪ್ಪು ಮೂರು ಹಿಡಿ ಬಿದ್ದಿತ್ತು. ಬಣ್ಣ ಮಾತ್ರ ಥೇಟು. ಉಣ್ಣುವವನು ಈಗ ಇರಲಿಲ್ಲ.

ಸೌಜನ್ಯ ಅಡುಗೆಮನೆಯ ಸುತ್ತ ಎರಡು ಸಲ ನಡೆದಳು. ಮೂರನೇ ಸುತ್ತಿಗೆ ಗಾದಿಲಿಂಗನ ಮುಂದೆ ನಿಂತಳು. "ಅಣ್ಣ, ನೀವೇ ಮಾಡಿಬಿಡಿ. ಹಳ್ಳಿ ಗಿರಾಕಿ ಪಾತ್ರ. ಒಂದೇ ಡೈಲಾಗು. ಅಡುಗೆಯವಳ ಪಾತ್ರದ ಶಾಂಭವಿ ಬಡಿಸಿ, ಹೇಗಿದೆ ಅಂತಾಳೆ. ನೀವು ತಿಂದು, ಪಾಪ ಅವಳಿಗೆ ಬೇಜಾರಾಗಬಾರದು ಅಂತ, ‘ಭಾಳ ಚಲೋ ಐತಿ’ ಅನ್ನಬೇಕು. ಅಷ್ಟೇ."

ಗಾದಿಲಿಂಗ ಒಂದು ಹೆಜ್ಜೆ ಹಿಂದೆ ಸರಿದ. ಜಗತ್ತಿನಲ್ಲಿ ಇಷ್ಟೊಂದು ಮಾತುಗಳಿರುವಾಗ ಅದೇ ಮಾತು!

"ಬ್ಯಾಡ್ರಿ ಮೇಡಂ. ಬೇರೆ ಏನಾದ್ರೂ ಹೇಳ್ರಿ. ಅಳು ಅಂದ್ರ ಅಳ್ತೀನಿ."

ನಿಂಗಕ್ಕ ಬೆಂಚಿನಿಂದ ಎದ್ದು ಬಂದು ಅವನ ರಟ್ಟೆ ಹಿಡಿದು ಒಲೆಯ ಮೂಲೆಗೆ ಎಳೆದಳು. "ಲೇ ಗಾದಿ, ದೇವರು ಕೊಟ್ರ ಬ್ಯಾಡ ಅಂತಿಯಲ್ಲೋ! ಟಿವಿ ಕಂಪ್ಲಿಯಾಗೂ ಕಾಣತೈತಿ. ಚಂದ್ರಿ ಈ ಧಾರಾವಾಯಿ ಬಿಡಂಗಿಲ್ಲ. ಉಪ್ಪಿನ ಗುಡ್ಡ ನುಂಗಿ, ಬಾಯಿ ಪಿಟ್ ಅನ್ನದಂಗ ಚಲೋ ಐತಿ ಅಂದ್ಯಂದ್ರ, ಅದನ್ನ ನೋಡಿ ಆಕಿ ಅಲ್ಲೇ ಬ್ಯಾಗ್ ತುಂಬತಾಳ. ಆಕಿ ಕೇಳಿದ್ದು ಇನ್ನೇನು?"

ಗಾದಿಲಿಂಗ ಯೋಚಿಸಿದ. ಮನೆಯಲ್ಲಿ ಮೂರು ದಿನದಿಂದ ಬಾಗಿಲಲ್ಲಿ ನೀರು ಬಿದ್ದಿರಲಿಲ್ಲ. ಬೆಳಿಗ್ಗೆ ಅವನ ಅಂಗಿಯ ಗುಂಡಿ ಹೋದಾಗ, "ಚಂದ್ರೀ" ಎಂದು ಕರೆದು, ಖಾಲಿ ಮನೆಯಲ್ಲಿ ತನ್ನ ದನಿ ತಾನೇ ಕೇಳಿ ನಾಚಿಕೊಂಡಿದ್ದ.

"ಆತು ಮೇಡಂ" ಅಂದ.

ಅವನ ಅಂಗಿ ಬಿಚ್ಚಿಸಿ ಗಿಳಿ ಹಸಿರು ಬಣ್ಣದ ಒಂದು ಅಂಗಿ ತೊಡಿಸಿದರು. ಮುಖಕ್ಕೆ ಪೌಡರು ಬಳಿದರು. ಕೊರಳಪಟ್ಟಿಗೆ ಜೀರುಂಡೆಯಷ್ಟು ದೊಡ್ಡ ಮೈಕು ಸಿಕ್ಕಿಸಿದರು. ಎದುರಿನ ದೀಪಗಳು ಹೊತ್ತಿಕೊಂಡದ್ದೇ ಬೆಂಚು, ಬಾಗಿಲು, ಬಸ್ ಸ್ಟ್ಯಾಂಡು ಎಲ್ಲ ಬೆಳಕಿನಲ್ಲಿ ಮಾಯವಾಗಿ, ತಟ್ಟೆ ಒಂದೇ ಉಳಿಯಿತು.

ಮೊದಲ ಟೇಕಿನಲ್ಲಿ ಅವನು ತಿಂದು, "ಉಪ್ಪು ಜಾಸ್ತಿ ಆತು ತಾಯಿ" ಅಂದ.

ನಾಲ್ಕನೆಯದರಲ್ಲಿ ಮಾತು ಸರಿಯಾಗಿ ಬಂತು, ಆದರೆ ಅದಕ್ಕೆ ಮುಂಚೆ ಎಡ ಅಂಗೈ ಮೇಲೆ ಒಂದು ಹನಿ ಬಿಟ್ಟು ನೆಕ್ಕಿ, ತಲೆ ಅಡ್ಡ ಆಡಿಸಿಬಿಟ್ಟಿದ್ದ. ಏಳನೆಯದರಲ್ಲಿ, "ಭಾಳ ಚಲೋ ಐತಿ, ಒಂದು ಆಲೂಗಡ್ಡಿ ಹೆಚ್ಚಿ ಹಾಕಿದ್ರ ಉಪ್ಪು ಎಳಕೊಂತೈತಿ" ಎಂದು ಶಾಂಭವಿಗೆ ಉಪಾಯ ಹೇಳಿಕೊಟ್ಟ. ಅವಳು ಪಾತ್ರ ಮರೆತು, "ಹೌದಾ? ಎಷ್ಟು ಹೊತ್ತು ಬಿಡಬೇಕು?" ಎಂದು ಕೇಳಿದಳು. ಹನ್ನೊಂದನೆಯದರಲ್ಲಿ ಮಾತು ಆಡಿದ್ದು ಬಾಯಿ, ಆದರೆ ಕಣ್ಣು ಮೂಗುಗಳೆಲ್ಲ ಸೇರಿ ಅದನ್ನು ಅಲ್ಲಗಳೆದವು. ಬೆಂಚಿನವರು ಮಾತ್ರ ಟವೆಲನ್ನೂ ಕಾಯದೆ ನಗುತ್ತಿದ್ದರು.

ಹದಿನೈದನೆಯದಾದ ಮೇಲೆ ಸೌಜನ್ಯ ಹತ್ತು ನಿಮಿಷ ಬಿಡುವು ಕೊಟ್ಟಳು. ಗಾದಿಲಿಂಗ ಒಂದು ಕೊಡ ನೀರು ಕುಡಿದು ಮೆಟ್ಟಿಲ ಮೇಲೆ ಕೂತ. ನಿಂಗಕ್ಕ ಫೋನ್ ಹಿಡಿದುಕೊಂಡು ಹೂವಿನ ಅಂಗಡಿಯ ಹಿಂದೆ ಹೋದಳು. ವಿರೂಪಾಕ್ಷಪ್ಪ ಪಕ್ಕದಲ್ಲಿ ಬಂದು ಕೂತ.

"ತಮ್ಮಾ, ಸುಳ್ಳು ಹೇಳಾಕ ಒಂದು ಪದ್ಧತಿ ಐತಿ. ಮೂವತ್ತು ವರ್ಷ ನಾನು ‘ಹಿಂದ ಇನ್ನೊಂದು ಬಸ್ ಖಾಲಿ ಬರಾಕತ್ತೈತಿ’ ಅಂತ ಹೇಳೀನಿ. ಒಂದು ದಿನನೂ ಹಿಂದ ಬಸ್ ಇರಲಿಲ್ಲ. ಯಾರಾದ್ರೂ ನನ್ನ ಮಾರಿ ನೋಡಿ ಕಂಡುಹಿಡಿದ್ರೇನು?"

"ಇಲ್ಲಣ್ಣ."

"ಯಾಕಂದ್ರ ಹೇಳೋವಾಗ ನಾನೂ ನಂಬತಿದ್ದೆ. ಆ ಖಾಲಿ ಬಸ್ ನನ್ನ ಕಣ್ಣಿಗೆ ಕಾಣತಿತ್ತು. ಕಿಟಕಿ ಗ್ಲಾಸ್ ಸುದ್ದಾ. ನೀನು ತಟ್ಟಿ ನೋಡಬ್ಯಾಡ. ನಿನ್ನ ಖಾಲಿ ಬಸ್ ಯಾವುದೈತೋ ಅದನ್ನ ನೋಡು."

ಹದಿನಾರು, ಹದಿನೇಳು, ಹದಿನೆಂಟು, ಹತ್ತೊಂಬತ್ತು ಹಾಗೇ ಕಳೆದವು. ಗಾದಿಲಿಂಗ ಬಸ್ಸನ್ನು ಕಾಣಲು ಎಷ್ಟು ತಿಣುಕಿದರೂ ಅವನಿಗೆ ಕಾಣುತ್ತಿದ್ದದ್ದು ಉಪ್ಪು. ಗಂಟೆಯ ಮೇಲೆ ಗಂಟೆ ಉರುಳಿ ಮಧ್ಯಾಹ್ನ ಮೂರಾಯಿತು. ಬೋಗುಣಿಯ ತಳದಲ್ಲಿ ಒಂದೇ ತಟ್ಟೆಗಾಗುವಷ್ಟು ಉಳಿಯಿತು.

ಇಪ್ಪತ್ತನೆಯ ಟೇಕಿಗೆ ಅವನು ದಣಿದು, ಯಾವ ಪ್ರಯತ್ನವನ್ನೂ ಮಾಡದೆ ಸುಮ್ಮನೆ ಕೂತ. ಶಾಂಭವಿ ಬಡಿಸಿದಳು. ಬಡಿಸಿದ ಕೈಯ ಬಳೆ ಸದ್ದಾಯಿತು. ಆ ಸದ್ದಿಗೆ ದೀಪಗಳ ಬೆಳಕಿನೊಳಗೆ ಎಲ್ಲೋ ಚಂದ್ರಕಲಾ ಕಂಡಳು. ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ, ಅವನು ತುತ್ತು ಎತ್ತುವಾಗ ಬೇರೆಲ್ಲೋ ನೋಡುವ ಹಾಗೆ ನಟಿಸುತ್ತ, ಕಿವಿಯನ್ನು ಮಾತ್ರ ಇತ್ತ ಇಟ್ಟುಕೊಂಡು ಕೂತಿರುತ್ತಿದ್ದಳಲ್ಲ, ಹಾಗೇ ಕೂತಿದ್ದಳು. ಹನ್ನೆರಡು ವರ್ಷ ದಿನಕ್ಕೆ ಎರಡು ಹೊತ್ತು ಆ ಕಿವಿ ಕಾದಿತ್ತು. ಒಂದು ಮಾತಿಗೆ. ಗಾದಿಲಿಂಗನಿಗೆ ಉಪ್ಪೂ ಬೇಡ, ರುಚಿಯೂ ಬೇಡ, ಆ ಕಿವಿ ಕಂಡರೆ ಸಾಕೆನ್ನಿಸಿತು.

"ಹೇಗಿದೆ ಯಜಮಾನ್ರೇ?" ಶಾಂಭವಿ ಕೇಳಿದಳು.

ಗಾದಿಲಿಂಗ ನುಂಗಿದ. ಮುಖ ಅರಳಿತು. "ಭಾಳ ಚಲೋ ಐತಿ" ಅಂದ.

ಅದು ಎಷ್ಟು ನಿಜವಾಗಿ ಬಂತೆಂದರೆ ಬೆಂಚಿನವರು ನಗುವುದನ್ನು ಮರೆತರು. ಹನುಮೇಶನ ಟವೆಲ್ ಅರ್ಧಕ್ಕೇ ನಿಂತಿತು. ಆ ನಿಶ್ಶಬ್ದದಲ್ಲಿ ವಿರೂಪಾಕ್ಷಪ್ಪನಿಗೆ ಆನಂದ ತಡೆಯಲಾಗದೆ, ಮೂವತ್ತು ವರ್ಷದ ಗಂಟಲಿನಿಂದ, "ರೈಟ್! ರೈಟ್!" ಎಂದು ಕೂಗಿಬಿಟ್ಟ.

"ಕಟ್!" ಸೌಜನ್ಯ ತಲೆ ಹಿಡಿದುಕೊಂಡಳು. "ಸೌಂಡಲ್ಲಿ ಬಂತು. ಯಾರ್ರೀ ಅದು? ಅಣ್ಣ, ಪ್ಲೀಸ್, ಹೀಗೇ, ಹೀಗೇ ಇನ್ನೊಂದೇ ಒಂದು. ತಟ್ಟೆ ರೆಡಿ ಮಾಡಿ!"

ಗಾದಿಲಿಂಗನಿಗೆ ಕಾಣದೆ ಹೋದ ಒಂದು ಸಂಗತಿ ಇತ್ತು. ಅಷ್ಟರಲ್ಲಿ ಕಂಪ್ಲಿಯ ಬಸ್ಸು ಬಂದು ಹೋಗಿತ್ತು. ಕೊನೆಯ ಬೆಂಚಿನ ಹಿಂದೆ, ಹೆಗಲಿಗೆ ಬ್ಯಾಗು ಹಾಕಿ, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು, ಚಂದ್ರಕಲಾ ನಿಂತಿದ್ದಳು. ‘ನಿನ್ನ ಗಂಡ ಮೂರು ದಿನದಿಂದ ಉಂಡಿಲ್ಲ, ಇಲ್ಲಿ ಟಿವಿಯವರ ಕೈಗೆ ಸಿಕ್ಕು ಉಪ್ಪು ತಿಂದು ಸಾಯಾಕತ್ತಾನ, ಬಾ’ ಎಂದು ನಿಂಗಕ್ಕ ಬಿಡುವಿನ ಹೊತ್ತಿನಲ್ಲಿ ಫೋನು ಹಚ್ಚಿದ್ದಳು. ಬಂದವಳು ಇಪ್ಪತ್ತನೆಯ ಟೇಕನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದಳು.

"ತಟ್ಟಿ ನಾ ತರ್ತೀನಿ" ಎಂದು ನಿಂಗಕ್ಕ ಮುಂದೆ ಬಿದ್ದಳು. ಹನುಮೇಶನ ಬೋಗುಣಿ ಹೇಗೂ ಬರಿದಾಗಿತ್ತು. ಚಂದ್ರಕಲಾಳ ಕೈಯಿಂದ ಡಬ್ಬಿ ಕಿತ್ತುಕೊಂಡು, ಅದರಲ್ಲಿದ್ದ ಎಣಗಾಯಿಯನ್ನು ಅರ್ಧದಷ್ಟು ತಟ್ಟೆಗೆ ಸುರಿದು, ಏನೂ ಅರಿಯದವಳ ಹಾಗೆ ಶಾಂಭವಿಯ ಕೈಗಿತ್ತಳು. ಗಂಡ ಹೆಂಡತಿಯ ಜಗಳವನ್ನು ಒಂದೇ ತಟ್ಟೆಯಲ್ಲಿ ಮುಗಿಸುವುದು ಅವಳ ಲೆಕ್ಕಾಚಾರ.

ಇಪ್ಪತ್ತೊಂದನೆಯ ಟೇಕು.

ಗಾದಿಲಿಂಗ ಉಪ್ಪಿಗೆ ತಯಾರಾಗಿ, ಉಸಿರು ಬಿಗಿಹಿಡಿದು, ತುತ್ತನ್ನು ಬಾಯಿಗಿಟ್ಟ.

ಗುರೆಳ್ಳಿನ ಪುಡಿ. ಅದರ ಹಿಂದೆ, ಬೇಡವೆಂದರೂ ಅವಳು ಬಿಡದೆ ಹಾಕುವ ಒಂದು ಚೂರು ಬೆಲ್ಲ. ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಿ, ಬಾಯಲ್ಲಿ ತಾನೇ ಬಿಚ್ಚಿಕೊಳ್ಳುವಂತೆ ಬೇಯಿಸಿದ ಬದನೆಕಾಯಿ. ಮೂರು ದಿನದ ಮೇಲೆ ಅವನ ಗಂಟಲಲ್ಲಿ ಏನೋ ಇಳಿಯಿತು. ಅವನು ಎರಡನೆಯ ತುತ್ತು ತಿಂದ, ಮೂರನೆಯದು ತಿಂದ. ಬಲಗೈ ತಟ್ಟೆಯ ಅಂಚಿನಲ್ಲಿ ಸುಮ್ಮನೆ ಇತ್ತು. ಎಲ್ಲಿಗೂ ಹೋಗುವ ಮನಸ್ಸು ಅದಕ್ಕಿರಲಿಲ್ಲ.

"ಹೇಗಿದೆ ಯಜಮಾನ್ರೇ?"

ಗಾದಿಲಿಂಗನ ಕಣ್ಣು ತುಂಬಿ ಬಂತು. "ಭಾಳ ಚಲೋ ಐತಿ" ಅಂದ. ಬರೆದುಕೊಟ್ಟದ್ದು ಅಷ್ಟೇ, ಅದು ಸಾಲದೆ, "ಇನ್ನೊಂದು ಹಾಕವ್ವಾ" ಎಂದು ತಟ್ಟೆ ಮುಂದೆ ಚಾಚಿದ.

"ಕಟ್! ಓಕೆ! ಓಕೆ!" ಸೌಜನ್ಯ ಕುಣಿದುಬಿಟ್ಟಳು. ದೀಪಗಳು ಆರಿದವು. ಚಪ್ಪಾಳೆಯ ನಡುವೆ ಅವಳು ಕೂಗುತ್ತಿದ್ದಳು: "ಅಣ್ಣ, ನೀವು ಇಷ್ಟು ದಿನ ಎಲ್ಲಿದ್ರಿ? ಆ ಉಪ್ಪಿನ ರಾಶಿ ತಿಂದು ಕಣ್ಣಲ್ಲಿ ನೀರು! ಎಂಥಾ ನಟನೆ!"

ಕಣ್ಣಿಗೆ ಕವಿದಿದ್ದ ಕತ್ತಲೆ ಸರಿದಾಗ ಗಾದಿಲಿಂಗನಿಗೆ ಚಂದ್ರಕಲಾ ಕಂಡಳು. ಈ ಸಲ ನಿಜವಾಗಿ.

"ಚಂದ್ರೀ!" ತಟ್ಟೆ ಹಿಡಿದುಕೊಂಡೇ ಎದ್ದ. "ನಿಂದೇ ಅಲ್ಲ ಇದು? ಭಾಳ ಚಲೋ ಐತಿ!"

"ಹೌದ್ರಿ. ನಟನಾ ಭಾಳ ಚಲೋ ಐತಿ" ಅಂದಳು ಅವಳು.

"ಇಲ್ಲವೇ, ಇದು ಖರೇನ!"

"ಖರೇನ ಗಾದಿ ಹೇಳೋದು" ಎಂದು ನಿಂಗಕ್ಕ ನಡುವೆ ಬಂದಳು. "ಉಪ್ಪಿಂದು ಅಲ್ಲ, ಆತ ಉಂಡಿದ್ದು ನಿನ್ನ ಎಣಗಾಯಿ. ನಾನೇ ಸುರುವೀನಿ."

"ಗೊತ್ತೈತಿ ನಿಂಗಕ್ಕ, ನನ್ನ ಕಣ್ಣ ಮುಂದನ ಸುರುವಿದಿ." ಚಂದ್ರಕಲಾಳ ದನಿ ಸಣ್ಣಗಿತ್ತು. "ಅದರ ಹಿಂದಿಂದು ಆ ಉಪ್ಪಿನ ಮಣ್ಣು. ಅದನ್ನ ತಿಂದಾಗನೂ ಇವರ ಮಾರಿ ಹಿಂಗ ಅರಳಿತ್ತು. ನಂದು ತಿಂದಾಗನೂ ಹಿಂಗ ಅರಳಿತು. ಯಾವುದು ಖರೆ ಯಾವುದು ಸುಳ್ಳು ಅಂತ ನಂಗ ಹ್ಯಾಂಗ ತಿಳಿಬೇಕು?"

ಅದು ನ್ಯಾಯವಾದ ಪ್ರಶ್ನೆ. ಗಾದಿಲಿಂಗ ಹನ್ನೆರಡು ವರ್ಷ ಬಾರದಿದ್ದ ಸುಳ್ಳನ್ನು ಹಗಲೆಲ್ಲ ಕೂತು ಕಲಿತಿದ್ದ. ಕಲಿತ ಮರುಗಳಿಗೆಯೇ ಅದು ಅವನ ನಿಜವನ್ನು ನುಂಗಿ ಕೂತಿತ್ತು. ಬೆಂಚಿನವರು ಇದೂ ಸೀನಿನೊಳಗೇ ಇರಬೇಕೆಂದುಕೊಂಡು ಹನುಮೇಶನ ಟವೆಲಿನ ಕಡೆ ನೋಡುತ್ತಿದ್ದರು.

ವಿರೂಪಾಕ್ಷಪ್ಪ ಹಿಂದಿನಿಂದ ಬಂದು ಅವನ ಕಿವಿಯಲ್ಲಿ ಉಸುರಿದ: "ಒಂದು ತಪ್ಪು ತೆಗಿ. ಬರೇ ಹೊಗಳಿದ್ರ ಯಾರು ನಂಬತಾರ? ಸಣ್ಣದೊಂದು ತಪ್ಪು ಹೇಳು, ಉಳಿದಿದ್ದು ಖರೆ ಅಂತ ತಿಳಿತಾಳ."

ದಣಿದ ತಲೆಗೆ ಅದು ಸರಿಯೆನ್ನಿಸಿತು. ಗಾದಿಲಿಂಗ ಗಂಟಲು ಸರಿಮಾಡಿಕೊಂಡ. ತಪ್ಪು ಹುಡುಕಿದ. ಎಷ್ಟು ಹುಡುಕಿದರೂ ಆ ಎಣಗಾಯಿಯಲ್ಲಿ ಒಂದೂ ಇರಲಿಲ್ಲ. ಬಾಯಿಗೆ ಅಭ್ಯಾಸವಾಗಿದ್ದದ್ದೇ ಬಂತು.

"ಸ್ವಲ್ಪ... ಒಂದು ಚೂರು ಉಪ್ಪು ಕಡಿಮಿ ಇತ್ತು, ಚಂದ್ರಿ."

ಚಂದ್ರಕಲಾ ನಿಂಗಕ್ಕನ ಕೈಯಿಂದ ತನ್ನ ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಅಣ್ಣನ ಮನ್ಯಾಗ ಉಪ್ಪು ಇಡಂಗಿಲ್ಲ" ಎಂದಳು ಚಂದ್ರಕಲಾ, ಒಂದೊಂದೇ ಮಾತನ್ನು ಅಳೆದಿಟ್ಟಂತೆ. "ಪಕ್ಕದ ಮನಿಗೆ ಹೋಗಿ ಕೈಯೊಡ್ಡಿ ಇಸ್ಕೊಂಡು ಬಂದೆ. ನೀವು ಹಾಕೋದನ್ನ ಹನ್ನೆರಡು ವರ್ಷ ನೋಡಿದ್ನಲ್ಲ, ನಿಮ್ಮಂಗ ಮೂರು ಬೆರಳಾಗ ಹಿಡಿದು ಹಾಕೀನಿ."

ಡಬ್ಬಿಗೆ ಮುಚ್ಚಳ ಒತ್ತಿ, ರಸ್ತೆ ದಾಟಿ, 'ಕಂಪ್ಲಿ' ಬೋರ್ಡು ಹಾಕಿಕೊಂಡು ನಿಂತಿದ್ದ ಬಸ್ಸು ಹತ್ತಿದಳು.

ಗಾದಿಲಿಂಗ ಹಿಂದೆಯೇ ಓಡಿ ಬಸ್ಸು ಹತ್ತಿದ. ಗಿಳಿ ಹಸಿರು ಅಂಗಿ, ಬೆವರಿಗೆ ಕಾಲುವೆ ಕಾಲುವೆಯಾದ ಪೌಡರಿನ ಮುಖ. ಬಸ್ಸಿನಲ್ಲಿದ್ದ ಒಂದು ಮಗು ಅವನನ್ನು ಕಂಡು ಅತ್ತಿತು. ಚಂದ್ರಕಲಾ ಕಿಟಕಿಯ ಪಕ್ಕ ಕೂತಿದ್ದಳು. ಅವನು ಸೀಟಿನ ಕಂಬಿ ಹಿಡಿದು ಬಗ್ಗಿ ಪಿಸುಗುಟ್ಟಿದ.

"ಉಪ್ಪು ಸರಿ ಇತ್ತು ಚಂದ್ರಿ. ನಾ ಸುಳ್ಳು ಹೇಳಿದೆ."

"ಯಾವುದು ಸುಳ್ಳು?"

"ಕಡಿಮಿ ಅಂದಿದ್ದು."

"ಚಲೋ ಐತಿ ಅಂದಿದ್ದು?"

"ಅದು ಖರೆ."

"ಅದರ ಹಿಂದಿನ ಸಲ ಚಲೋ ಐತಿ ಅಂದಿದ್ದು?"

"ಅದು ಸುಳ್ಳು. ಆದರ ನಿನ್ನ ನೆನೆಸಿಕೊಂಡು ಹೇಳಿದ್ದು."

"ನನ್ನ ನೆನಪಾದ್ರ ನಿಮಗ ಉಪ್ಪಿನ ಮಣ್ಣು ರುಚಿ ಹತ್ತತೈತೇನು?"

ರಸ್ತೆಯ ಆಚೆ ಖಾನಾವಳಿಯಲ್ಲಿ ಮೂವತ್ತು ಜನ ಒಮ್ಮೆಲೇ ಹೋ ಎಂದು ನಕ್ಕರು. ಗಾದಿಲಿಂಗ ಗಾಬರಿಯಿಂದ ತನ್ನ ಕೊರಳಪಟ್ಟಿ ನೋಡಿಕೊಂಡ. ಜೀರುಂಡೆ ಅಲ್ಲೇ ಕೂತಿತ್ತು, ಅವರ ಮಾತೆಲ್ಲ ಖಾನಾವಳಿಯೊಳಗೆ ಸ್ಪೀಕರಿನಲ್ಲಿ ಕೇಳುತ್ತಿತ್ತು. ಬಾಗಿಲಲ್ಲಿ ಸೌಜನ್ಯ ಕಿವಿಗೆ ಯಂತ್ರ ಒತ್ತಿಕೊಂಡು, "ಕಟ್ ಮಾಡಬೇಡಿ, ಯಾರೂ ಕಟ್ ಮಾಡಬೇಡಿ!" ಎಂದು ಕೈ ಬೀಸುತ್ತಿದ್ದಳು. ಅವನು ಮೈಕನ್ನು ಕಿತ್ತು ಕಿಟಕಿಯಾಚೆ ಚಾಚಿದ. ಕೆಳಗೆ ಓಡಿ ಬಂದಿದ್ದ ಹನುಮೇಶ್ ಅದನ್ನು ಟವೆಲಿನಲ್ಲಿ ಹಿಡಿದುಕೊಂಡ.

ಅಷ್ಟರಲ್ಲಿ ಚಂದ್ರಕಲಾ ಡಬ್ಬಿಯ ಮುಚ್ಚಳ ತೆಗೆದಿದ್ದಳು. ಒಂದು ಹನಿ ರಸವನ್ನು ಎಡ ಅಂಗೈ ಮೇಲೆ ಬಿಟ್ಟುಕೊಂಡು ನೆಕ್ಕಿದಳು. ಕಣ್ಣು ಮುಚ್ಚಿದಳು. ಗಾದಿಲಿಂಗ ಉಸಿರು ಹಿಡಿದು ನಿಂತ. ಆ ಚಾಳಿ ಹೊರಗಿನಿಂದ ನೋಡಿದರೆ ಹೀಗೆ ಕಾಣುತ್ತದೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ. ಎದುರಿಗಿದ್ದವರಿಗೆ ಎಷ್ಟು ದೊಡ್ಡ ಹೊತ್ತು ಅದು!

"ಉಪ್ಪು ಸರಿ ಐತಿ" ಅಂದಳು.

"ನಾ ಹೇಳಲಿಲ್ಲೇನು!"

ಅವಳು ಕಣ್ಣು ತೆರೆದಳು. "ಅಂದ್ರ, ಸರಿ ಇದ್ದಿದ್ದನ್ನ ಕಡಿಮಿ ಅಂದ್ರಿ."

"ಹೂಂ, ಅದು..."

"ಹಂಗಾದ್ರ ಈ ಹನ್ನೆರಡು ವರ್ಷ ಕಡಿಮಿ ಕಡಿಮಿ ಅಂದ್ರಲ್ಲ, ಅದೂ ಹಿಂಗೇನು?"

ಗಾದಿಲಿಂಗ ಬಾಯಿ ತೆರೆದ. ಹೌದೆಂದರೆ ಹನ್ನೆರಡು ವರ್ಷ ಅವಳನ್ನು ಸುಮ್ಮನೆ ನೋಯಿಸಿದ ಹಾಗಾಯಿತು. ಇಲ್ಲವೆಂದರೆ ಹನ್ನೆರಡು ವರ್ಷವೂ ಉಪ್ಪು ಕಡಿಮೆಯೇ ಇತ್ತು ಎಂದು, ಅದೂ ಬಸ್ಸಿನಲ್ಲಿ, ಇನ್ನೊಂದು ಸಲ ಹೇಳಿದ ಹಾಗಾಯಿತು. ಅವನು ತೆರೆದ ಬಾಯನ್ನು ಹಾಗೇ ಮುಚ್ಚಿದ. ರುಚಿಯ ವಿಷಯದಲ್ಲಿ ಅವನ ನಾಲಗೆ ಸುಮ್ಮನಾದದ್ದು ಜೀವಮಾನದಲ್ಲಿ ಅದೇ ಮೊದಲು.

"ಮಾತು ಬರವಲ್ದು ನೋಡು!" ಚಂದ್ರಕಲಾ ಬ್ಯಾಗನ್ನು ಕಾಲ ಹತ್ತಿರ ಇಳಿಸಿಕೊಂಡಳು. "ಇದನ್ನ ನನ್ನ ಮುಂದ ಒಪ್ಪಿದ್ರ ಆಗಂಗಿಲ್ಲ. ಮಾನ ಕಳದಿದ್ದು ಅಣ್ಣನ ಮುಂದ. ಅಣ್ಣನ ಮುಂದನ ಒಪ್ಪಬೇಕು. ಕುಂದ್ರಿ."

ಬಸ್ಸು ಹೊರಟಿತು. ಹಿಂದಿನಿಂದ ವಿರೂಪಾಕ್ಷಪ್ಪನ "ರೈಟ್! ರೈಟ್!" ಕೇಳಿಸಿತು. ಕಂಡಕ್ಟರ್ ಬಂದು, "ಅಕ್ಕಂದು ಫ್ರೀ. ನಿಮ್ಮದು ಎಲ್ಲಿಗ್ರಿ?" ಅಂದ. ಗಾದಿಲಿಂಗ ಹಸಿರು ಅಂಗಿಯ ಜೇಬಿಗೆ ಕೈ ಹಾಕಿದ. ಜೇಬು ಬರೇ ತೋರಿಕೆಯದು, ಬಾಯಿ ಹೊಲಿದಿದ್ದರು. ಚಂದ್ರಕಲಾ ತನ್ನ ಪರ್ಸು ತೆಗೆದಳು.

ಕಬ್ಬಿನ ಗದ್ದೆ ಶುರುವಾದ ಮೇಲೆ ಅವಳೇ ಮಾತು ತೆಗೆದಳು.

"ಹೇಮಾವತಿ ಅತ್ತಿಗಿ ಸಪ್ಪನ್ನ ಬ್ಯಾಳಿ, ಸಪ್ಪನ್ನ ಪಲ್ಯ ಮಾಡಿರ್ತಾಳ. ಆ ಮನ್ಯಾಗ ಉಪ್ಪಿನ ಡಬ್ಬೀನ ಇಲ್ಲ, ಹುಡುಕಬ್ಯಾಡ್ರಿ. ಆಕಿ ಬಡಿಸಿ, ಹೆಂಗೈತಿ ಅಂತ ಕೇಳತಾಳ. ಏನಂತೀರಿ?"

ಗಾದಿಲಿಂಗ ಎದುರಿನ ಸೀಟಿನ ಬೆನ್ನನ್ನೇ ನೋಡುತ್ತ, "ಭಾಳ ಚಲೋ ಐತಿ" ಅಂದ.

ಚಂದ್ರಕಲಾ ಅವನ ಮುಖವನ್ನು ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ಪರೀಕ್ಷಿಸಿದಳು. ಸೆರಗಿನ ತುದಿಯಿಂದ ಅವನ ಕೆನ್ನೆಯ ಪೌಡರು ಒರೆಸಿದಳು. ಡಬ್ಬಿಯಲ್ಲಿ ಉಳಿದಿದ್ದ ಬದನೆಕಾಯಿಗಳಲ್ಲಿ ಒಂದನ್ನು ತೊಟ್ಟು ಹಿಡಿದು ಎತ್ತಿ ಅವನ ಕೈಗಿಟ್ಟಳು.

"ಮಾರಿ ಸರಿ ಬರಲಿಲ್ಲ" ಅಂದಳು. "ಇನ್ನೊಂದ್ಸಲ."

ಬುಕ್ಕಸಾಗರದ ಸ್ಟಾಪು ಬರುವಷ್ಟರಲ್ಲಿ ಏಳು ಟೇಕು ಆಗಿದ್ದವು. ಒಂದೂ ಓಕೆ ಆಗಿರಲಿಲ್ಲ.